ಗಿರಿಜವ್ವನ ಪಾಲಿನ ಪ್ಲೇಟು

ನೂಡಲ್ಸ್ ಬಿಸಿ ಇದ್ದಾಗಲೇ ತಿನ್ನುವ ಪದಾರ್ಥ. ಇದು ನಿಮಗೂ ಗೊತ್ತು, ಹಿರೇಕೆರೂರಿನ ಹತ್ತಿ ವ್ಯಾಪಾರಿ ಬಸೆಟ್ಟೆಪ್ಪನಿಗಂತೂ ನಿಮಗಿಂತ ಚೆನ್ನಾಗಿ ಗೊತ್ತು. ಬಸ್ ನಿಲ್ದಾಣದ ಎದುರಿನ ಥಾಯ್-ಚೈನೀಸ್ ಹೋಟೆಲಿನಲ್ಲಿ ಸಂಜೆ ನಾಲ್ಕರಿಂದ ಆರರತನಕ ಹ್ಯಾಪಿ ಅವರ್, ಒಂದು ಪ್ಲೇಟಿಗೆ ಇನ್ನೊಂದು ಪುಕ್ಕಟೆ. ನಾಲ್ಕು ಹೊಡೆಯುವ ಮೊದಲೇ ಫ್ಯಾನಿನ ಕೆಳಗಿನ ಕುರ್ಚಿ ಅವನದು. ಪಕ್ಕದ ಮೇಜಿನವರನ್ನು ಕರೆದು ಚಾಪ್‌ಸ್ಟಿಕ್ ಹಿಡಿಯುವುದನ್ನು ಕಲಿಸುತ್ತಾನೆ, ಬ್ಯಾಂಕಾಕ್ ತನ್ನ ಸೋದರಮಾವನ ಊರೇನೋ ಎಂಬಂತೆ ಥಾಯ್ ಸಾರಿನಲ್ಲಿ ತಪ್ಪು ಹುಡುಕುತ್ತಾನೆ, ಹಬೆಯಾಡುವ ಪ್ಲೇಟು ಬಂದರೆ “ಇದನ್ನ ಆರಾಕ ಬಿಟ್ಟು ತಿನ್ನಾಂವ ಮನಷ್ಯಾನ ಅಲ್ಲರಿ” ಎನ್ನುತ್ತಾನೆ. ಪುಕ್ಕಟೆ ಪ್ಲೇಟನ್ನು ಮಾತ್ರ ಮೂರು ವರ್ಷದಿಂದ ತಪ್ಪದೆ ಹೆಂಡತಿ ಗಿರಿಜವ್ವನಿಗೆ ಕಟ್ಟಿಸುತ್ತಾನೆ. “ಹೇಣ್ತೀನ್ನ ಮರತು ಉಂಡಾಂವಲ್ಲ ನಾನು” ಎಂದು ಊರಿಗೆಲ್ಲ ಸಾರುತ್ತಾನೆ. ಆಮೇಲೆ ಎಲೆಅಡಿಕೆ, ಹರಟೆ. ಪೊಟ್ಟಣ ಮನೆ ಮುಟ್ಟುವಾಗ ಎಂಟು. ಮೊನ್ನೆ ಕಣ್ಣು ತೋರಿಸಲು ದವಾಖಾನೆಗೆ ಬಂದಿದ್ದ ಗಿರಿಜವ್ವ ಮೂರು ವರ್ಷಗಳಲ್ಲಿ ಮೊದಲ ಸಲ ಆ ಮೇಜಿಗೆ ಅವನೆದುರು ಕುಳಿತಳು. ಪ್ಲೇಟು ಬಂತು. ಅವಳು ಅದನ್ನು ತುಸು ಆಚೆ ಸರಿಸಿ ಕೈಕಟ್ಟಿ ಕಾದಳು. “ಯಾಕ ಸುಮ್ನ ಕುಂತಿ? ತಿನ್ನು.” “ತಡೀರಿ, ಆರ್ಲಿ. ಇದನ್ನ ತಣ್ಣಗ ತಿನ್ನೂದಲ್ಲೇನ್ರಿ?” ಅವಳ ದನಿಯಲ್ಲಿ ದೂರಿರಲಿಲ್ಲ. ಮೂರು ವರ್ಷ ಅವಳು “ಚೊಲೋ ಐತ್ರಿ” ಎಂದು ನುಂಗಿದ್ದು ಏನನ್ನು ಎಂಬುದು ಬಸೆಟ್ಟೆಪ್ಪನಿಗೆ ಆಗ ತಿಳಿಯಿತು. ಚಾಪ್‌ಸ್ಟಿಕ್ ಬಾಯಿಯತನಕ ಏಳಲಿಲ್ಲ. ಮನೆಗೆಂದು ಪೊಟ್ಟಣ ಕಟ್ಟಿಸುತ್ತಿರುವ ಮಹಾರಾಯರೇ, ಅದನ್ನು ಬಿಚ್ಚಿಸಿರಿ. ಫೋನ್ ಮಾಡಿ ಆಕೆಯನ್ನು ಕರೆಸಿ, ನಿಮ್ಮೆದುರು ಕೂರಿಸಿರಿ, ಬಿಸಿ ಆರುವ ಮೊದಲು.