ಲಮಕಕ್ಕೊಂದು ಚಪ್ಪಾಳೆ

ಲಮಕ ಅಂದರೆ ಏನು, ಗೊತ್ತೇ?

ನನಗೂ ಗೊತ್ತಿಲ್ಲ. ಯಾವ ನಿಘಂಟಿನಲ್ಲೂ ಸಿಗಲಿಕ್ಕಿಲ್ಲ. ಆದರೆ ಹೋದ ತಿಂಗಳು ಕಮಲಾಪುರದಲ್ಲಿ ಹಾಲ್ ತುಂಬ ಸೇರಿದ್ದ ಜನ ಈ ಲಮಕವನ್ನು ಕಣ್ಣಾರೆ ಕಂಡು ಚಪ್ಪಾಳೆ ತಟ್ಟಿದರು. ಡಿಗ್ರಿ ಆದವರು, ಮಾಸ್ತರರು, ಬ್ಯಾಂಕಿನವರು, ಒಬ್ಬ ವಕೀಲರು. ಮುಂದಿನ ಸಾಲಿನಲ್ಲಿ ನಾನೂ ಇದ್ದೆ. (ನಾನು ತಟ್ಟಲಿಲ್ಲ. ಅದೇನು ದೊಡ್ಡ ಶೌರ್ಯವಲ್ಲ, ಕೈಯಲ್ಲಿ ಚಹಾದ ಕಪ್ಪಿತ್ತು.)

ನನ್ನ ತಮ್ಮನ ಮನೆ ಕಮಲಾಪುರದಲ್ಲಿದೆ. ಅವನ ಮಗ ಮಲ್ಲಿನಾಥ ಬಸ್ ಸ್ಟ್ಯಾಂಡ್ ಹತ್ತಿರ ಪೈಪು, ಮೋಟರಿನ ಅಂಗಡಿ ಇಟ್ಟಿದ್ದಾನೆ. ಮಲ್ಲಿನಾಥನ ಮಗಳು ನೀಲಾ, ಐದು ವರ್ಷದವಳು, ಯುಕೆಜಿ. ಅಜ್ಜನಾದ ನನ್ನನ್ನು ಮುತ್ಯಾ ಅನ್ನುತ್ತಾಳೆ. ಅವಳು ಹೋಗುವ ಶಾಲೆ ಅಲ್ಲಿ ಹೊಸದು. ಅದರ ಮೇನ್ ಬ್ರಾಂಚ್ ನಮ್ಮ ಕಲಬುರಗಿಯಲ್ಲಿ, ಸೇಡಂ ರಸ್ತೆಯಲ್ಲಿ ಇದೆ. ಹೆಸರು ಬೇಡ. ಹೆಸರು ಬರೆದರೆ ನನಗಿಂತ ಮೊದಲು ಸಂಪಾದಕರಿಗೆ ಫೋನ್ ಹೋಗುತ್ತದೆ.

ಈ ಶಾಲೆಯಲ್ಲಿ ಕನ್ನಡವನ್ನೂ ಫೋನಿಕ್ಸ್‌ನಲ್ಲಿ, ಅಂದರೆ ದನಿಗೆ ದನಿ ಕೂಡಿಸಿ ಓದುವ ರೀತಿಯಲ್ಲಿ, ಕಲಿಸುತ್ತಾರೆ ಅಂದಾಗ ನಾನು ಮೂಗು ಮುರಿದಿದ್ದೆ. ಅ ಆ ಇ ಈ ಕಲಿಸುವುದಕ್ಕೂ ಇಂಗ್ಲಿಷ್ ಹೆಸರು ಬೇಕೇ? ಆದರೆ ದೀಪಾವಳಿಗೆ ಹೋದಾಗ ಬಾಗಿಲಲ್ಲೇ ನೀಲಾ ಎದುರಾದಳು. "ಮುತ್ಯಾ, ನೀ... ರು... ಕೊಡ್ಲೇನು?" ಅಂದಳು. ಹುಡುಗಿಗೆ ತೊದಲು ಬಂತೇ ಅಂತ ಗಾಬರಿಯಾದೆ. ತೊದಲಲ್ಲ, ಆಟ. ನಾನು ಆ ತುಂಡುಗಳನ್ನು ಕೂಡಿಸಿ "ನೀರು" ಅಂದ ಮೇಲೆಯೇ ಚಂಬು ತಂದು ಕೊಟ್ಟಳು.

ಅದು ಅವರ ಮಿಸ್ ಕಲಿಸಿದ ಆಟ. ಆಕೆ ಕ್ಲಾಸಿನಲ್ಲಿ ಮಾತನ್ನು ಮುರಿದು ಮುರಿದು ಹೇಳುತ್ತಾಳಂತೆ. ಬಾ-ಗಿ-ಲು ಅಂದರೆ ಮಕ್ಕಳು ಅದನ್ನು ಮನಸ್ಸಿನಲ್ಲೇ ಕೂಡಿಸಿ ಓಡಿಹೋಗಿ ಬಾಗಿಲು ಮುಟ್ಟಬೇಕು. ಕಿವಿ ಪಳಗಿದ ಮೇಲೆ ಅಕ್ಷರದ ಕಾರ್ಡು. ಮೂವರು ಮಕ್ಕಳು ಕೊರಳಿಗೆ ಒಂದೊಂದು ಅಕ್ಷರ ಹಾಕಿಕೊಂಡು ಸಾಲಾಗಿ ನಿಂತರೆ ಅದೇ ಬಸ್ಸು. ಎದುರಿಗೆ ನಿಂತವರು ಡ್ರೈವರ್. ಡ್ರೈವರ್ ಒಂದೊಂದನ್ನೇ ಮುಟ್ಟಿ ಓದಿ, ಆಮೇಲೆ ಒಂದೇ ಉಸಿರಿಗೆ ಕೂಡಿಸಿ ಅನ್ನಬೇಕು. ಸರಿಯಾಗಿ ಅಂದರೆ ಬಸ್ಸು ಪೋಂ ಪೋಂ ಅಂತ ವರಾಂಡ ಸುತ್ತಿ ಬರುತ್ತದೆ.

ಕೇಳಿ ಖುಷಿಯಾಯಿತು. ಅಳು ಇಲ್ಲ, ಬೆತ್ತ ಇಲ್ಲ. ನಮ್ಮ ಕಾಲದಲ್ಲಿ ವರ್ಣಮಾಲೆಯನ್ನು ಓಣಿಗೆಲ್ಲ ಕೇಳುವಂತೆ ಒದರಿದ್ದೇ ಒದರಿದ್ದು. ಅಕ್ಷರ ಎಲ್ಲ ಬಾಯಿಗೆ ಬಂದರೂ ಓದು ಬರುತ್ತಿರಲಿಲ್ಲ. ಒಂದೊಂದನ್ನೂ ಗುರುತಿಸುವುದು ಬೇರೆ, ಕೂಡಿಸಿ ಮಾತು ಮಾಡಿಕೊಳ್ಳುವುದು ಬೇರೆ. ಮರುದಿನ ಸಂತೆಯಲ್ಲಿ ಕೆಂಪು ಬಾಳೆಹಣ್ಣಿನ ಗಾಡಿಗೆ ಕಟ್ಟಿದ ರಟ್ಟಿನ ಮುಂದೆ ನೀಲಾ ನಿಂತುಬಿಟ್ಟಳು. ಬಾ, ಳೆ ಅಂತ ತುಟಿ ಆಡಿಸಿ, "ಬಾಳೆ!" ಅಂದಳು. ಹಣ್ಣು ಕಣ್ಣ ಮುಂದೆಯೇ ಇತ್ತು, ಅದರ ಕಡೆ ನೋಡಲೂ ಇಲ್ಲ. ಮಾತು ಅಕ್ಷರದೊಳಗೆ ಸಿಕ್ಕಿತು ಅನ್ನುವುದೇ ಅವಳಿಗೆ ದೊಡ್ಡದಾಗಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು? ಬಿಡುತ್ತೇವೆಯೇ ನಾವು?

ಮಕ್ಕಳು ದಿನವಿಡೀ ಆಡುತ್ತವೆ, ಕಲಿಯೋದು ಯಾವಾಗ ಅಂತ ಅಪ್ಪ-ಅಮ್ಮಂದಿರು ತಕರಾರು ತೆಗೆದರು. ಹಾಗಾದರೆ ಎಲ್ಲರೆದುರು ಡೆಮೊ ಮಾಡಿ ತೋರಿಸೋಣ ಅಂತ ಮೇನ್ ಬ್ರಾಂಚಿನಿಂದ ಅಪ್ಪಣೆಯಾಯಿತು. ಸೇಡಂ ರಸ್ತೆಯಿಂದ ದೊಡ್ಡ ದೊಡ್ಡ ಹೊಸ ಕಾರ್ಡುಗಳೂ ಬಂದವು, ಲ್ಯಾಮಿನೇಷನ್ ಮಾಡಿದವು. ಮಕ್ಕಳು ಮುಟ್ಟಿದರೆ ಹಾಳಾಗುತ್ತವೆ ಅಂತ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಾಗಾಗಿ ರಿಹರ್ಸಲ್ ಕಾರ್ಡಿಲ್ಲದೆಯೇ ನಡೆಯಿತು. ನೀನು ಇಲ್ಲಿ ನಿಲ್ಲು, ನೀನು ಅಲ್ಲಿ ನಿಲ್ಲು, ನೀನು ಬಂದು ಮೈಕಿನಲ್ಲಿ ಕಮಲ ಅನ್ನು. ಓದುವ ಆಟಕ್ಕೆ ಅಕ್ಷರವೇ ಇಲ್ಲದ ರಿಹರ್ಸಲ್!

ಡೆಮೊದ ಸಂಜೆ ಪರದೆಯ ಹಿಂದೆ ಮಿಸ್ ಅವಸರದಲ್ಲಿ ಮಕ್ಕಳನ್ನು ನಿಲ್ಲಿಸಿದಳು. ಮಕ್ಕಳ ಬೆನ್ನ ಕಡೆ ನಿಂತು, ತನ್ನ ಎಡದಿಂದ ಬಲಕ್ಕೆ, ಕ, ಮ, ಲ ಅಂತ ಕಾರ್ಡು ಕೊರಳಿಗೆ ಹಾಕಿದಳು. ಹಿಂದಿನಿಂದ ಎಲ್ಲ ಸರಿಯಾಗಿಯೇ ಇತ್ತು. ಪರದೆ ಸರಿದಾಗ ನಮಗೆ ಕಂಡದ್ದು ಲ, ಮ, ಕ.

ಯಾರಿಗೂ ಗೊತ್ತಾಗಲಿಲ್ಲ. ಎಲ್ಲರ ಮೊಬೈಲೂ ಮೇಲೆ ಹೋಗಿತ್ತು. ಅವರವರ ಮಗು ಎಲ್ಲಿದೆ ಅಂತ ಹುಡುಕುವುದರಲ್ಲಿ ಅಕ್ಷರ ನೋಡುವವರು ಯಾರು?

ಮೊದಲ ಡ್ರೈವರ್ ನೀಲಾ. ನಮಗೆ ಬೆನ್ನು ಮಾಡಿ, ಸಾಲಿನ ಎದುರು ನಿಂತಳು. ಒಂದೊಂದೇ ಕಾರ್ಡನ್ನು ಬೆರಳಿನಿಂದ ಮುಟ್ಟಿದಳು. ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು: "ಲ... ಮ... ಕ." ಉಸಿರೆಳೆದುಕೊಂಡಳು. "ಲಮಕ."

ಪಕ್ಕದಿಂದ ಮಿಸ್ ಸಣ್ಣ ದನಿಯಲ್ಲಿ, ಕಮಲ ಅನ್ನು ನೀಲಾ, ಕಮಲ, ಅಂದಳು. ಹುಡುಗಿ ಮತ್ತೆ ಕಾರ್ಡು ನೋಡಿದಳು. ಮತ್ತೆ ಒಂದೊಂದನ್ನೂ ಮುಟ್ಟಿದಳು.

"ಲಮಕ ಅದರೀ ಮಿಸ್."

ಹಾಲಿಗೆ ಹಾಲೇ ನಕ್ಕಿತು. ನನ್ನ ಹಿಂದೆ ಕೂತವರೊಬ್ಬರು, ಪಾಪ, ಈ ಕೂಸಿಗೆ ಇನ್ನೂ ಬಂದಿಲ್ಲ ಅಂದರು. ಮಿಸ್ ಬಂದು ಮೈಕು ತೆಗೆದುಕೊಂಡು ನೀಲಾಳನ್ನು ಬದಿಗೆ ಸರಿಸಿದಳು. ಇನ್ನೊಂದು ಮಗು ಬಂತು. ಅದು ಕಾರ್ಡಿನ ಕಡೆ ನೋಡಲೇ ಇಲ್ಲ, ನಮ್ಮ ಕಡೆ ತಿರುಗಿ ಕೈಕಟ್ಟಿ "ಕಮಲ" ಅಂತ ಒದರಿತು. ಚಪ್ಪಾಳೆ ಬಿತ್ತು. ಆಮೇಲೆ ಬಂದ ಮಕ್ಕಳ ಸಾಲು ರಗನ ಅಂತ ನಿಂತಿತ್ತು, ಮಗು "ನಗರ" ಅಂತು. ಮತ್ತೆ ಚಪ್ಪಾಳೆ. (ಸರಸ ಅನ್ನುವ ಒಂದು ಪದ ಮಾತ್ರ ಸರಿಯಾಗಿ ಬಂತು. ಅದನ್ನು ಕೆಡಿಸಲು ಯಾರಿಂದಲೂ ಆಗದು.)

ನೀಲಾ ಪರದೆಯ ಬದಿಗೆ ನಿಂತೇ ಇದ್ದಳು. ಕಾರ್ಡುಗಳನ್ನೇ ನೋಡುತ್ತಿದ್ದಳು. ತುಟಿ ಆಡುತ್ತಿತ್ತು. ಆ ಹಾಲಿನಲ್ಲಿ ಓದುತ್ತಿದ್ದವಳು ಅವಳೊಬ್ಬಳೇ.

ಕಾರ್ಯಕ್ರಮ ಮುಗಿದ ಮೇಲೆ ಮೇನ್ ಬ್ರಾಂಚಿನಿಂದ ಬಂದಿದ್ದ ಕೋಆರ್ಡಿನೇಟರ್ ಸಾಹೇಬರಿಗೆ ವಿಷಯ ಹೇಳಿದೆ. ಅವರು ತಮ್ಮ ಮೊಬೈಲ್ ತೆಗೆದು ನೋಡಿದರು, ನಕ್ಕರು. ಪರವಾಗಿಲ್ಲ ಸರ್, ವಿಡಿಯೋ ಉಲ್ಟಾ ಮಾಡಿ ಹಾಕುತ್ತೇವೆ ಅಂದರು. ಹಾಕಿಯೂ ಬಿಟ್ಟರು. ಈಗ ಆ ವಿಡಿಯೋದಲ್ಲಿ ಕ, ಮ, ಲ ಸಾಲಾಗಿ ಸರಿಯಾಗಿಯೇ ಇವೆ. ಆದರೆ ಒಂದೊಂದು ಅಕ್ಷರವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂತಿದೆ. ಲೈಕಿಗೇನೂ ಕಡಿಮೆಯಿಲ್ಲ. ವಿಡಿಯೋದಲ್ಲಿ ನೀಲಾ ಇಲ್ಲ, ಅವಳನ್ನು ಕತ್ತರಿಸಿದ್ದಾರೆ.

ಅದೇ ಸಂಜೆ ಮಿಸ್ ಸಿಕ್ಕಳು, ಕಾರ್ಡುಗಳನ್ನು ಜೋಡಿಸಿಡುತ್ತಿದ್ದಳು. ನಾನು ಕೇಳುವ ಮೊದಲೇ ತಲೆ ತಗ್ಗಿಸಿ ಅಂದಳು, "ಆಕಿ ಓದಿದ್ದು ಖರೇನೇ ಅದರಿ ಸರ. ಪರದಾ ಸರದ ಕೂಡ್ಲೇ ನನಗ ಗೊತ್ತಾತು. ಆದ್ರ ಅಷ್ಟು ಮಂದಿ ಮುಂದ ಪ್ರೋಗ್ರಾಂ ಕೆಡ್ತಿತ್ತಲ್ರಿ."

ಈ ಮಿಸ್ ಮೇಲೆ ನನಗೆ ಸಿಟ್ಟು ಬರಲಿಲ್ಲ ಅಂತ ಬರೆಯಬೇಕೆಂದಿದ್ದೆ. ಸುಳ್ಳು. ಬಂತು. ಅಕ್ಷರ ಇದ್ದ ಹಾಗೆ ಕೂಡಿಸು ಅಂತ ತಿಂಗಳುಗಟ್ಟಲೆ ಆಡಿಸಿ ಕಲಿಸಿದವಳೂ ಅವಳೇ. ಮಗು ಇದ್ದ ಹಾಗೆ ಕೂಡಿಸಿದಾಗ ಮೈಕು ಕಸಿದವಳೂ ಅವಳೇ. ಒಂದು ನಿಮಿಷ ಸಾಲನ್ನು ತಿರುಗಿಸಿ ನಿಲ್ಲಿಸಿದ್ದರೆ ಯಾವ ಪ್ರೋಗ್ರಾಂ ಕೆಡುತ್ತಿತ್ತು?

ಮನೆಯಲ್ಲಿ ಇನ್ನೊಂದು ಸುತ್ತು. ಎಲ್ಲರೆದುರು ಮರ್ಯಾದೆ ಹೋಯಿತು ಅಂತ ಮಲ್ಲಿನಾಥ ಮುಖ ಊದಿಸಿಕೊಂಡಿದ್ದ. ನಾನು ಅವನ ಮುಂದೆ ಮೂರು ಲೋಟ ಸಾಲಾಗಿಟ್ಟು, ಹಿಂದಿನಿಂದ ನೋಡು, ಮುಂದಿನಿಂದ ನೋಡು ಅಂತ ತೋರಿಸಿದೆ. ಅರ್ಥವಾಯಿತು. ಅರ್ಥವಾದ ಮೇಲೆ ಅವನು ಅಂದದ್ದು ಇದು: "ಆಕಿದು ಖರೇ ಅದ ದೊಡ್ಡಪ್ಪ. ಆದ್ರ ಅಲ್ಲಿ ಹಂಗ ಅನ್ಬಾರದಿತ್ತು."

ಲ ಮೊದಲು ಇತ್ತಲ್ಲ ಅವ್ವ, ಅಂತ ನೀಲಾ ತಾಯಿಯನ್ನು ಕೇಳುತ್ತಲೇ ಇದ್ದಳು. ಇದ್ದರೆ ಇರಲಿ, ಮಿಸ್ ಹೇಳಿದ್ದನ್ನು ಅನ್ನಬೇಕು, ತಿಳೀತೇನು, ಅಂತ ತಾಯಿ ರೊಟ್ಟಿ ಮುರಿದು ಬಾಯಿಗಿಟ್ಟಳು. ನೀನು ಓದಿದ್ದೇ ಸರಿ ಅಂತ ನಾನು ಹೇಳಿದೆ. ಹುಡುಗಿ ನಂಬಲಿಲ್ಲ. ಎಲ್ಲಾರೂ ನಕ್ಕರಲ್ಲ ಮುತ್ಯಾ, ಅಂದಳು.

ನಮಗೆ ಓದುವ ಮಕ್ಕಳು ನಿಜವಾಗಿ ಬೇಕೇ? ನಾನು ಆಫೀಸಿನಲ್ಲಿ ಇದ್ದಷ್ಟು ವರ್ಷವೂ ನೋಡಿದ್ದೇನೆ. ಎಲ್ಲಿ ಸಹಿ ಮಾಡಲಿ ಅಂತ ಕೇಳುವವರೇ ಎಲ್ಲರೂ, ಏನು ಬರೆದಿದೆ ಅಂತ ಕೇಳಿದವನಿಗೆ ತಲೆಹರಟೆ ಅಂತ ಹೆಸರು. ಬರೆದದ್ದನ್ನು ಬರೆದ ಹಾಗೆ ಓದುವವರನ್ನು ಯಾವ ಮೀಟಿಂಗಿನಲ್ಲೂ ಯಾರೂ ಸಹಿಸುವುದಿಲ್ಲ. ಈಗ ಹಾಗೆ ಓದದಂತೆ ಪಳಗಿಸುವ ಕೆಲಸವನ್ನು ಯುಕೆಜಿಯಿಂದಲೇ ಶುರು ಮಾಡಿದ್ದೇವೆ, ಅಷ್ಟೇ.

ಹೋದ ಸೋಮವಾರ ಮಲ್ಲಿನಾಥನ ಮನೆಯವರು ನಮ್ಮ ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಬಂದಿದ್ದರು, ನಾನೂ ಜೊತೆಗೆ ಹೋದೆ. ದರ್ಶನ ಮುಗಿಸಿ ಹೊರಗೆ ಬಂದಾಗ ಒಂದು ಅಂಗಡಿಯ ಮೇಲೆ ದೊಡ್ಡದಾಗಿ "ಬಳೆ" ಅಂತ ಬರೆದಿತ್ತು. ಎರಡೇ ಅಕ್ಷರ, ಈ ಹುಡುಗಿಗೆ ನೀರು ಕುಡಿದಷ್ಟು ಸುಲಭ. ಏನು ಬರೆದಾರ ನೋಡವ್ವ ನೀಲಾ, ಅಂತ ಬೆರಳು ಮಾಡಿ ತೋರಿಸಿದೆ.

ಬೋರ್ಡಿನ ಕಡೆ ಅವಳು ತಲೆ ಎತ್ತಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಏನಂತ ಅನ್ಬೇಕು ಮುತ್ಯಾ?"

ಐದು ವರ್ಷಕ್ಕೇ ನೀಲಾ ಈಗ ನಮ್ಮೆಲ್ಲರ ಹಾಗೆ ಓದುತ್ತಾಳೆ: ಮೊದಲು ಎದುರಿಗಿರುವವರ ಮುಖ, ಆಮೇಲೆ ಬೇಕಾದರೆ ಅಕ್ಷರ.