ಗನ್‌ಮ್ಯಾನ್ ಓದಿದ ಪುಸ್ತಕ

ಕಾಲಿಂಗ್ ಬೆಲ್ ಆದರೆ ಸಾಕು, ಚನ್ನಬಸಮ್ಮನ ಎದೆ ಝಲ್ಲೆನ್ನುತ್ತಿತ್ತು. ಹುಟ್ಟಾ ಪುಕ್ಕಲಿಯೇನಲ್ಲ, ಕೊಟ್ಟೂರಿನ ಮನೆಯಲ್ಲಿ ಹಾವು ಹೊಕ್ಕರೆ ತಾನೇ ಕೋಲು ಹಿಡಿದು ಓಡಿಸಿದವಳು. ಈಗ ಬ್ರೂಕ್‌ಫೀಲ್ಡಿನ ಏಳನೇ ಮಹಡಿಯಲ್ಲಿ, ಕಾವಲುಗಾರರಿರುವ ಅಪಾರ್ಟ್‌ಮೆಂಟಿನಲ್ಲಿ ಕೂತು ನಡುಗುವ ಹಾಗೆ ಮಾಡಿದ್ದು ಗಂಡ ಬರೆದ ಪುಸ್ತಕ.

ಬಸಲಿಂಗ ಮೇಷ್ಟ್ರು ಇತಿಹಾಸದ ಪ್ರಾಧ್ಯಾಪಕರಾಗಿ ನಿವೃತ್ತರಾದವರು. ಅಂಥವರು ವಾಕಿಂಗ್ ಮಾಡಿಕೊಂಡು, ಶುಗರ್ ನೋಡಿಸಿಕೊಂಡು ತೆಪ್ಪಗಿರಬೇಕಪ್ಪ. ಇವರು ಹಳೆಯ ಶಾಸನಗಳನ್ನು ಓದಿ, ನಮ್ಮ ಶೈವ ಅರಸರೂ ಬೇರೆಯವರ ಗುಡಿಗಳನ್ನು ಕೆಡವಿದ್ದರು, ದೇವರ ಹೆಸರಿನ ರಾಜಕೀಯ ಇವತ್ತಿನ ಕಸುಬಲ್ಲ ಎಂದು ಬರೆದರು. ಹೊಗಳಿದವರು ನಾಲ್ಕು ಜನ, ಬೈದವರು ಊರು ತುಂಬ. ಸುಳ್ಳು ಎಂದರು, ಅರ್ಧ ಸತ್ಯ ಎಂದರು, ತನ್ನ ಸಮಾಜಕ್ಕೇ ಮಸಿ ಬಳಿದ ಎಂದರು. ಮೇಷ್ಟ್ರಿಗೆ ಬೈಗುಳವೆಂದರೆ ಚಹಾದ ಜೊತೆಗಿನ ಖಾರ ಮಂಡಕ್ಕಿ. ಗಟ್ಟಿಯಾಗಿ ಓದಿ ಹೇಳಿ ನಗುತ್ತಿದ್ದರು. ಒಂದು ದಿನ ಫೋನ್ ಮಾಡಿದವರು ಯಾರೋ ಬೈಯಲಿಲ್ಲ. ತಣ್ಣಗಿನ ದನಿಯಲ್ಲಿ, ಅವರ ಮನೆಯ ಮಹಡಿಯನ್ನೂ ಅವರು ಹಾಲು ತರಲು ಹೋಗುವ ಹೊತ್ತನ್ನೂ ಹೇಳಿ ಫೋನ್ ಇಟ್ಟರು. ಆ ದಿನ ಮೇಷ್ಟ್ರೂ ನಗಲಿಲ್ಲ.

ಪೊಲೀಸರು ಗನ್‌ಮ್ಯಾನ್ ಒಬ್ಬನನ್ನು ಕಳಿಸಿದರು. ನೀಲಪ್ಪ, ಅತ್ತಿಬೆಲೆ ಕಡೆಯ ಹಳ್ಳಿಯವನು, ಮಾತು ಕಡಿಮೆ. ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಚನ್ನಬಸಮ್ಮನಿಗೆ ಹೋದ ಜೀವ ಬಂದಂತಾಯಿತು. ಮೊದಲ ದಿನವೇ ಒಳಗೆ ಕರೆದು ರೊಟ್ಟಿ, ಎಣಗಾಯಿ ಬಡಿಸಿದಳು. ಉಂಡು ಕೈ ತೊಳೆದವನು ಒಂದೇ ಮಾತು ಹೇಳಿದ.

"ಅಮ್ಮ, ಬೆಲ್ ಆದ ತಕ್ಷಣ ಬಾಗಿಲು ತೆಗೀತೀರ. ಅಂಗೆಲ್ಲ ತೆಗೀಬಾರ್ದು. ಯಾರು ಅಂತ ಕೇಳ್ಬೇಕು."

ಕೇಳುವುದು ಹೇಗೆ? ಅವಳ ತವರಿನಲ್ಲಿ ಬಾಗಿಲಿಗೆ ಬಂದವರನ್ನು ಯಾರೆಂದು ಕೇಳುವುದು ಮರ್ಯಾದೆಗೇಡು. ಮೊದಲು ನೀರು, ಬೆಲ್ಲ. ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ. ಎಷ್ಟು ಹೆದರಿದರೂ ಕೈ ಮಾತ್ರ ಚಿಲಕ ತೆಗೆದೇಬಿಡುತ್ತಿತ್ತು.

"ನೀ ಅದೀಯಲ್ಲಪ್ಪ ಹೊರಗ," ಎಂದಳು.

ಒಂದು ಮಧ್ಯಾಹ್ನ ಚಹಾ ಕೊಡಲು ಹೋದರೆ ನೀಲಪ್ಪ ಓದುತ್ತ ಕೂತಿದ್ದ. ಮೇಷ್ಟ್ರದೇ ಪುಸ್ತಕ. ಹೊತ್ತು ಹೋಗಲೆಂದು ಅವನು ಕೇಳಿದ್ದನಂತೆ, ಇವರು ಸಂಭ್ರಮದಿಂದ ಕೊಟ್ಟಿದ್ದರಂತೆ. ಅವನ ಮುಖ ಬಿಗಿದುಕೊಂಡಿತ್ತು.

"ಹೆಂಗೈತಪ್ಪ?" ಎಂದಳು.

"ನಮ್ಮೂರ ಸೋಮಪ್ಪನ ಗುಡಿ ಬಗ್ಗೆ ಬರ್ದವ್ರೆ," ಎಂದ ತಲೆ ಎತ್ತದೆ. "ಮೊದ್ಲು ಜೈನರ ಬಸದಿ ಆಗಿತ್ತಂತೆ, ನಮ್ಮೋರು ಒಡೆದಾಕಿ ಲಿಂಗ ಇಟ್ರಂತೆ. ಆ ಗುಡಿ ಸುತ್ತ ಉಳ್ಳಾಡಿ ನಮ್ಮವ್ವ ನನ್ನ ಪಡ್ಕೊಂಡವ್ಳೆ, ಅಮ್ಮ. ಸಾರ್ ಇಂಗೆ ಬರೀಬಾರ್ದಿತ್ತು."

ಅವನ ಸೊಂಟದ ಪಿಸ್ತೂಲನ್ನು ಅಲ್ಲಿಯವರೆಗೆ ತಮ್ಮದೆಂದೇ ತಿಳಿದಿದ್ದಳು. ಅಂದಿನಿಂದ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಅವನು ಪುಟಗಳಲ್ಲಿ ಪೆನ್ಸಿಲ್ ಗೀಟು ಎಳೆಯತೊಡಗಿದ, ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಗಂಡನಿಗೆ ಹೇಳುವಂತಿಲ್ಲ, ಹೇಳಿದರೆ ಆ ಮನುಷ್ಯ ಅವನನ್ನು ಕೈಹಿಡಿದು ಒಳಗೆ ಕರೆದು, ಬಾರಪ್ಪ ವಾದ ಮಾಡೋಣ ಎನ್ನುವವರು. ಮಗಳು ಐಶ್ವರ್ಯಾಗೆ ಹೇಳಿದಳು. ಅವಳು ಆಫೀಸಿನಿಂದಲೇ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿ, ಆ ಮನುಷ್ಯನನ್ನು ಬದಲಾಯಿಸಿ ಎಂದಳು.

ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ಅಷ್ಟರಲ್ಲಾಗಲೇ, ಬಂದೂಕು ನೋಡಿ ಮಕ್ಕಳು ಹೆದರುತ್ತಾರೆ ಎಂದು ದೂರು ಕೊಟ್ಟಿದ್ದರು. ಎರಡೂ ಸೇರಿ, ಆ ಮನೆಯವರಿಗೂ ಕಾವಲು ಬೇಡವಾಗಿದೆ ಎಂದು ಮೇಲಿನವರು ತೀರ್ಮಾನಿಸಿದರು. ನೀಲಪ್ಪ ಹೋದ. ಬೇರೆ ಯಾರೂ ಬರಲಿಲ್ಲ. ಐಶ್ವರ್ಯಾ ಎಷ್ಟು ಅಲೆದರೂ "ನೋಡ್ತೀವಿ ಮೇಡಂ" ಎಂಬುದಷ್ಟೇ ಉತ್ತರ. ತಾನೇ ಗಂಡನ ಕುತ್ತಿಗೆಗೆ ಕುತ್ತು ತಂದೆನಲ್ಲ ಎಂದು ಚನ್ನಬಸಮ್ಮ ದೇವರ ಮುಂದೆ ಕೂತು ಅತ್ತಳು.

ಕೆಲವು ವಾರಗಳ ಮೇಲೆ, ಮೇಷ್ಟ್ರು ಒಳಗೆ ಓದುತ್ತಿದ್ದಾಗ, ಬೆಲ್ ಆಯಿತು. ಅವಳ ಪಾಪಿ ಕೈ ಬಾಗಿಲು ತೆಗೆದುಬಿಟ್ಟಿತು. ಎದುರಿಗೆ ನೀಲಪ್ಪ. ಯೂನಿಫಾರ್ಮ್ ಇಲ್ಲ, ಸಡಿಲ ಅಂಗಿ, ಕಂಕುಳಲ್ಲಿ ಪುಸ್ತಕ. ಅಂಗಿಯ ಕೆಳಗೆ ಏನಿದೆಯೋ ಏನಿಲ್ಲವೋ.

ಅವನ ಮುಖ ಬಿಳಿಚಿಕೊಂಡಿತ್ತು. "ಕೇಳ್ದೇ ತೆಗೆದ್ಬಿಟ್ರಲ್ಲಮ್ಮ! ಹೊರಗೆ ಯಾರೂ ಇಲ್ಲ ಅಂತ ಗೊತ್ತಿಲ್ವಾ?"

"ಒಳಗ ಬಾರಪ್ಪ," ಎಂದಿತು ಅವಳ ನಾಲಿಗೆ, ತನ್ನಷ್ಟಕ್ಕೆ.

"ಸಾರ್ ಹತ್ರ ಜಗಳ ಆಡಕ್ಕೇ ಬಂದಿದ್ದೆ. ಅದಿರ್ಲಿ. ಬಾಗಿಲು ಹಾಕಿ. ನಾನು ಬೆಲ್ ಮಾಡ್ತೀನಿ, ನೀವು ಕೇಳಿ."

ಹಾಕಿದಳು. ಬೆಲ್ ಆಯಿತು. "ಯಾ... ಯಾರು?" ಎಂದಳು.

"ನೀಲಪ್ಪ."

ತೆಗೆದಳು. ಅವನು ರೇಗಿದ. "ಹೆಸ್ರು ಯಾವನು ಬೇಕಾದ್ರೂ ಏಳ್ತಾನೆ! ನಾನೇ ಬಂದ್ರೂ ತೆಗೀಬ್ಯಾಡಿ. ಸಾರ್ ಮೇಲೆ ನಂಗೆ ಸಿಟ್ಟೈತೆ, ನಿಮ್ಗೂ ಗೊತ್ತು. ನನ್ನ ಬದಲಾಯ್ಸಿ ಅಂದ್ರಂತೆ, ಸರಿಯಾಗೇ ಮಾಡಿದ್ರಿ. ಹಾಕಿ ಬಾಗಿಲು."

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮತ್ತೆ ಹಾಕಿದಳು. ಬೆಲ್ ಆಯಿತು. ಈ ಸಲ ಅವನ ದನಿ ಬೇರೆಯಾಗಿತ್ತು, ಮೆತ್ತಗಿತ್ತು.

"ಅಮ್ಮ, ನಾನು ನೀಲಪ್ಪ. ಬಾಯಾರೈತೆ. ಒಂದ್ ಲೋಟ ನೀರು ಕೊಡ್ತೀರಾ?"

ಪರೀಕ್ಷೆಯೋ, ನಿಜವಾಗಿಯೂ ಬಾಯಾರಿಕೆಯೋ? ಅವಳ ಕೈ ಆಗಲೇ ಚಿಲಕದ ಮೇಲಿತ್ತು. ತನ್ನ ಕೈಯ ರೊಟ್ಟಿ ಉಂಡವನು ಹೊಸ್ತಿಲಾಚೆ ನೀರು ಕೇಳುತ್ತಿದ್ದಾನೆ. ತೆಗೆಯಲಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಕಣ್ಣೀರು ಅದರ ಪಾಡಿಗೆ ಸುರಿಯುತ್ತಿತ್ತು.

"ಇಂಗೇ ಇರ್ಬೇಕು," ಎಂದ ಹೊರಗಿನವನು. ಸ್ವಲ್ಪ ಹೊತ್ತಿಗೆ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು.

ಒಳಗಿನಿಂದ ಮೇಷ್ಟ್ರು ಕೂಗಿದರು: "ಯಾರ ಬಂದಿದ್ರು?"

ಚನ್ನಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರೂ ಇಲ್ರೀ," ಎಂದಳು.