ನಿಮ್ಮ ಬೀದೀಲಿ ಮನುಷ್ಯರಿಲ್ವಾ?

ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣಕ್ಕಿರುತ್ತಿತ್ತು. ಅರಸೀಕೆರೆಯ ಕಾಲೇಜೊಂದರ ಲೈಬ್ರರಿಯಲ್ಲಿ ಅವಳು ಅಟೆಂಡರ್. ಪುಸ್ತಕಗಳಿಗೆ ಸೀಲು ಹಾಕಿ ಹಾಕಿ ಇಂಕು ಚರ್ಮಕ್ಕೇ ಇಳಿದಿತ್ತು. ಊರಿಗೆ ಮರಳುವ ಜಾವಗಲ್ ಬಸ್ಸಿನಲ್ಲಿ ಯಾರಾದರೂ ಆ ಬೆರಳು ನೋಡಿ ನಕ್ಕರೆ ಸುಮ್ಮನಿರುವವಳಲ್ಲ. "ಹೆಬ್ಬೆಟ್ಟು ಅಂದ್ಕೊಂಡ್ರೇನ್ರೀ? ಸೀಲ್ ಹಾಕೋ ಕೈ ಇದು" ಎಂದು ಅವರ ಮುಖದ ಮುಂದೆಯೇ ಹಿಡಿಯುತ್ತಿದ್ದಳು.

ಅವಳ ಓದು ಏಳನೇ ತರಗತಿಗೇ ನಿಂತಿತ್ತು. ಆದರೂ ಕಪಾಟಿಗೆ ಸೇರಿಸುವ ಮೊದಲು ಪ್ರತಿ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದುವುದು, ಸಂಜೆ ಬಂದು ನನಗೆ ಒಪ್ಪಿಸುವುದು ಅವಳ ಅಭ್ಯಾಸ. ಒಂದು ದಿನ ಕೆಂಡವಾಗಿ ಬಂದಳು.

"ಮಾನವಶಾಸ್ತ್ರ ಅಂತ ಒಂದು ಕಪಾಟೈತೆ ಕಣೇ. ಮನುಷ್ಯರ ಶಾಸ್ತ್ರ ಅಂತೆ. ತೆಗೆದು ನೋಡಿದ್ರೆ ಬರೀ ಕಾಡಿನೋರು, ಕೇರಿಯೋರು. ಹಳೇಬೀಡಿನ ಗುಡಿ ಕಟ್ಸಿದ ರಾಜರು ಮಾತ್ರ ಇತಿಹಾಸದ ಕಪಾಟಲ್ಲವ್ರೆ. ಯಾಕೆ, ರಾಜರು ಮನುಷ್ಯರಲ್ವಾ?"

ತೊಂಬತ್ತರ ದಶಕದ ನಡುವೆ, ಒಂದು ಭಾನುವಾರ, ಆ ಶಾಸ್ತ್ರವೇ ನಮ್ಮ ಕೇರಿಗೆ ಬಂತು. ದೂರದ ಊರಿನ ಪ್ರೊಫೆಸರ್ ಒಬ್ಬರು, ಜೊತೆಗೆ ನಾಲ್ವರು ವಿದ್ಯಾರ್ಥಿಗಳು. ನಾನಾಗ ಹತ್ತನೇ ತರಗತಿ. ಪ್ರೊಫೆಸರ್ ನಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಅಜ್ಜಿಯನ್ನು ಅಂಗಳದಲ್ಲಿ ನಿಲ್ಲಿಸಿ ಕೇಳತೊಡಗಿದರು: ಸತ್ತ ದನದ ಮಾಂಸ ತಿನ್ನುತ್ತೀರಾ? ನಿಮ್ಮ ಹೆಂಗಸರು ಎಷ್ಟು ಸಲ ಮದುವೆಯಾಗುತ್ತಾರೆ? ಅಜ್ಜಿ ತಲೆ ತಗ್ಗಿಸಿದಳು. ವಿದ್ಯಾರ್ಥಿಯೊಬ್ಬ ಇಕ್ಕಳದಂಥ ಸಾಧನ ತೆಗೆದು, ತಗ್ಗಿದ ಆ ತಲೆಯ ಅಗಲ ಅಳೆಯಲು ಹೊರಟ.

ಬಟ್ಟೆ ಒಗೆಯುತ್ತಿದ್ದ ದೊಡ್ಡಮ್ಮ ಒದ್ದೆ ಕೈಯಲ್ಲೇ ಬಂದು ಅದನ್ನು ಹಿಡಿದುಕೊಂಡಳು.

"ಏನ್ ಸ್ವಾಮಿ ಇದು?"

"ಮಾನವಶಾಸ್ತ್ರ ಕಣಮ್ಮ. ಮನುಷ್ಯರನ್ನ ಅರ್ಥ ಮಾಡ್ಕೊಳ್ಳೋದು" ಎಂದರು ಪ್ರೊಫೆಸರ್.

"ನಿಮ್ಮ ಬೀದೀಲಿ ಮನುಷ್ಯರಿಲ್ವಾ?"

ಅವರು ನಕ್ಕರು. ಅವಳು ನಗಲಿಲ್ಲ. "ಒಂದು ನೀವು ಕೇಳಿ, ಒಂದು ನಾವು ಕೇಳ್ತೀವಿ. ನಿಮ್ಮವ್ವ ಏನು ಉಣ್ತಾರೆ? ನಿಮ್ಮನೇಲಿ ಗಂಡ ಸತ್ತೋರ್ಗೆ ಇನ್ನೊಂದು ಮದುವೆ ಮಾಡ್ತೀರಾ? ಹೇಳಿ, ನಮ್ಮ ಹುಡುಗಿ ಬರ್ಕೊಂತಾಳೆ."

ನಾನು ಓಡಿ ನೋಟ್ ಬುಕ್ ತಂದು ಪ್ರೊಫೆಸರ್ ಎದುರು ನಿಂತೆ. ಅವರ ಮುಖ ಕೆಂಪಾಯಿತು. "ವಿದ್ಯೆ ಇಲ್ಲದವರ ಹತ್ರ ಏನು ಮಾತು" ಎಂದು ಎದ್ದು ಜೀಪಿನ ಕಡೆ ನಡೆದರು. ವಿದ್ಯಾರ್ಥಿಗಳಲ್ಲಿ ಒಬ್ಬಳು ಹುಡುಗಿ ಮಾತ್ರ ಹಿಂದೆ ಉಳಿದಳು. "ನಮ್ಮತ್ತೆ ಹದಿನೇಳಕ್ಕೇ ವಿಧವೆ. ಮತ್ತೆ ಮದುವೆ ಮಾಡ್ಲಿಲ್ಲ" ಎಂದಳು. ನಾನು ಬರೆದುಕೊಂಡೆ. ದೊಡ್ಡಮ್ಮ ಮಜ್ಜಿಗೆ ಕೊಟ್ಟಳು. ಆ ಹುಡುಗಿ ನಿಂತಲ್ಲೇ ಲೋಟ ಬರಿದು ಮಾಡಿ ಜೀಪಿಗೆ ಓಡಿದಳು.

ನನ್ನ ಡಿಗ್ರಿ ಮುಗಿದಾಗ ಮನೆಯವರೆಲ್ಲ ಬಿ.ಎಡ್. ಎಂದರು. ನಾನು ಮಾನವಶಾಸ್ತ್ರ ಎಂದೆ. ಕೆಲಸ ಯಾರು ಕೊಡುತ್ತಾರೆಂದು ಅಪ್ಪ ರೇಗಿದರು. "ಓದ್ಲಿ ಬುಡಪ್ಪ" ಎಂದಳು ದೊಡ್ಡಮ್ಮ. "ಆ ಶಾಸ್ತ್ರ ಏನು ಅವರಪ್ಪನ ಮನೆ ಆಸ್ತಿನಾ?"

ಸಂಶೋಧನೆಗೆ ಬೇಲೂರಿನ ವರ್ತಕರ ಬೀದಿಯೊಂದನ್ನು ಆರಿಸಿಕೊಂಡೆ. ಮೊದಲ ಮನೆಯ ಯಜಮಾನರು ನನ್ನ ಪ್ರಶ್ನೆಗೆ ಉತ್ತರಿಸುವ ಬದಲು ನಾನು ಯಾವ ಜನ ಎಂದು ವಿಚಾರಿಸಿದರು. ಹೇಳಿದೆ. "ನೀವೆಲ್ಲ ನಮ್ಮನ್ನ ಕೇಳೋ ಕಾಲ ಬಂತಾ?" ಎಂದು ಬಾಗಿಲು ಹಾಕಿಕೊಂಡರು.

ದೊಡ್ಡಮ್ಮ ಆಗ ಅರಸೀಕೆರೆಯಲ್ಲಿ ಆಸ್ಪತ್ರೆ ಸೇರಿದ್ದಳು, ಕಿಡ್ನಿ ಕೈಕೊಟ್ಟಿತ್ತು. ಅವಳ ಮಂಚದ ಪಕ್ಕ ಕೂತು ಎಲ್ಲ ಹೇಳಿ ಅತ್ತೆ. ಏದುಸಿರು ಬಿಡುತ್ತಲೇ ಅವಳು ದಿಂಬಿನಿಂದ ತಲೆ ಎತ್ತಿದಳು.

"ಬಂತು ಅಂತ ಹೇಳ್ಬೇಕಿತ್ತು ಕಣೇ."

ಅದೇ ವಾರ ತೀರಿಕೊಂಡಳು. ಮಣ್ಣು ಮಾಡಿದ ಐದನೇ ದಿನ ನಾನು ಬೇಲೂರಿನ ಬಸ್ಸು ಹತ್ತಿ ಅದೇ ಬಾಗಿಲು ತಟ್ಟಿದೆ. ಈ ಸಲ ಯಜಮಾನರ ಹೆಂಡತಿ ತೆರೆದರು. ಮೊದಲು ನನ್ನ ಊರು, ನನ್ನ ಕೇರಿ, ನಮ್ಮ ಮನೆಯಲ್ಲಿ ಏನು ಉಣ್ಣುತ್ತೇವೆ, ಎಲ್ಲ ಹೇಳಿದೆ. ಆಮೇಲೆ, "ಈಗ ನಿಮ್ಮ ಮನೇದು ಹೇಳ್ತೀರಾ?" ಎಂದೆ.

ಆಕೆ ಒಮ್ಮೆ ಒಳಗೆ ನೋಡಿದರು. ಹೊರಬಂದು ಮೆಟ್ಟಿಲ ಮೇಲೆ ಕೂತರು. ಪಕ್ಕದಲ್ಲೇ ನಾನೂ ಕೂತೆ.